ಗೋಡೆಗೆ ಮುಖ

ನನ್ನ ಓರಗಿತ್ತಿ ಪ್ರಾರ್ಥನೆಗೆ ಮೊಣಕಾಲೂರಿದಳೆಂದರೆ ನಾನು ಹುಷಾರಾಗುತ್ತಿದ್ದೆ. ಎದುರಿಗೆ ನಿಂತು ಬೈದರೆ ತಿರುಗಿ ಬೈಯಬಹುದು. ಕಣ್ಣು ಮುಚ್ಚಿ, ಕೈ ಜೋಡಿಸಿ, "ಕರ್ತನೇ" ಎಂದು ಶುರುಮಾಡಿ ಬೈದರೆ ಏನು ಮಾಡುವುದು? ಒಬ್ಬರು ದೇವರ ಹತ್ತಿರ ಮಾತಾಡುವಾಗ ಉಳಿದವರು ಅಡ್ಡ ಬಾಯಿ ಹಾಕಬಾರದು, ಮುಗಿದ ಮೇಲೆ ಆಮೆನ್ ಅನ್ನಬೇಕು. ಅದು ನಮ್ಮ ಬುಧವಾರದ ಕೂಟದ ಕಟ್ಟಳೆ. ನನ್ನನ್ನು ಬೈದದ್ದಕ್ಕೆ ನಾನೇ ಆಮೆನ್ ಅಂದದ್ದು ಎಷ್ಟು ಸಲವೋ.

ಇರುವುದು ಒಂದೇ ಮನೆ, ಎರಡು ಅಂತಸ್ತು. ಮೇಲೆ ಅವಳು, ಕೆಳಗೆ ನಾನು. ಬೀದಿ ಕಡೆಯ ಕೋಣೆ ನನ್ನ ಹೊಲಿಗೆ ಅಂಗಡಿ, ಅದರ ಹಿಂದೆ ನಮ್ಮ ಹಜಾರ. ಕೂಟ ಒಂದು ಬುಧವಾರ ಮೇಲೆ, ಮುಂದಿನ ಬುಧವಾರ ಕೆಳಗೆ. ಒಬ್ಬೊಬ್ಬರಾಗಿ ಎಲ್ಲರೂ ಪ್ರಾರ್ಥನೆ ಮಾಡುತ್ತಾ ಬಂದು, ಯಾರ ಮನೆಯಲ್ಲಿ ಕೂಟವೋ ಆ ಮನೆಯ ಹೆಂಗಸು ಕೊನೆಯ ಪ್ರಾರ್ಥನೆ ಮಾಡಬೇಕು. ಅಂದರೆ ಒಂದು ವಾರ ಕೊನೆಯ ಮಾತು ಅವಳದು, ಒಂದು ವಾರ ನನ್ನದು.

ಈ ಅನುಕೂಲವನ್ನು ನಾವಿಬ್ಬರೂ ಚೆನ್ನಾಗಿಯೇ ಬಳಸಿಕೊಂಡೆವು. ಅವಳ ಟ್ಯಾಂಕ್ ತುಂಬಿ ನೀರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಸುರಿದರೆ, ಆ ಬುಧವಾರ ನಾನು ಕಣ್ಣು ಮುಚ್ಚಿ, "ಕರ್ತನೇ, ಮೇಲಿರೋರಿಗೆ ಕೆಳಗಿರೋರ ಕಷ್ಟ ಕಾಣೋ ಹಾಗೆ ಮಾಡು" ಅನ್ನುತ್ತಿದ್ದೆ. ಮರುವಾರ ಅವಳು, "ತಂದೆಯೇ, ಹಗಲೂ ರಾತ್ರಿ ಮಿಷನ್ ತುಳಿಯೋ ಕೈಗಳಿಗೆ ವಿಶ್ರಾಂತಿ ಕೊಡು, ಮೇಲಿರೋರಿಗೆ ನಿದ್ದೆ ಕೊಡು" ಅನ್ನುತ್ತಿದ್ದಳು. ಮಿಷನ್ ತುಳಿಯುವುದು ಕಾಲು. ಅಷ್ಟೂ ಗೊತ್ತಿಲ್ಲದವಳು ದೇವರಿಗೆ ವರದಿ ಒಪ್ಪಿಸುತ್ತಾಳೆ.

ಕೂಟಕ್ಕೆ ಬರುವವರಿಗೆ ಇದು ಗೊತ್ತಿರಲಿಲ್ಲವೆಂದು ನಾನು ಹೇಳಲಾರೆ. ನಿವೃತ್ತ ಮೇಷ್ಟ್ರೊಬ್ಬರು ಬರುತ್ತಿದ್ದರು. ಪ್ರತಿ ವಾಕ್ಯಕ್ಕೂ ಆಮೆನ್ ಅನ್ನುವ ಚಾಳಿ ಇದ್ದುದರಿಂದ ಅವರಿಗೆ ಆಮೆನ್ ಮೇಷ್ಟ್ರು ಎಂದೇ ಹೆಸರು. ನಮ್ಮ ಜಗಳ ಜೋರಾದ ವಾರಗಳಲ್ಲಿ ಅವರು ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಕುರ್ಚಿ ಹಿಡಿಯುತ್ತಿದ್ದರು. ಪಾಸ್ಟರ್ ಮಾತ್ರ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಏನೂ ತಿಳಿಯದವರ ಹಾಗೆ ಇರುತ್ತಿದ್ದರು. ಇನ್ನು ನಮ್ಮ ಗಂಡಂದಿರು. ಅಣ್ಣತಮ್ಮಂದಿರಿಬ್ಬರೂ ಬುಧವಾರ ಬಂತೆಂದರೆ ಚಪ್ಪಲಿ ಮೆಟ್ಟಿಕೊಂಡು ಬೀದಿಯ ಕೊನೆಗೆ ಗಾಳಿಸೇವನೆಗೆ ಹೋಗುತ್ತಿದ್ದರು.

ಅತ್ತೆ ಇದ್ದಾಗ ಹೀಗಿರಲಿಲ್ಲ. ಕೂಟ ಶುರುಮಾಡಿದವರೇ ಅವರು. ಆದರೆ ತಮ್ಮ ಸರದಿ ಬಂದಾಗ ಅವರು ಎಲ್ಲರಿಗೂ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಮೊಣಕಾಲೂರುತ್ತಿದ್ದರು. ಏನು ಹೇಳುತ್ತಿದ್ದರೋ ಯಾರಿಗೂ ಕೇಳಿಸುತ್ತಿರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದಾಗ ನಾನು, ಇದೇನು ಅತ್ತೆ, ಯಾರ ಮೇಲೋ ಮುನಿಸಿಕೊಂಡ ಹಾಗೆ, ಎಂದು ಕೇಳಿದ್ದೆ. "ಜನರ ಮುಖ ಕಂಡ್ರೆ ನನ್ನ ಬಾಯಿ ಜನರ ಜೊತೆಗೇ ಮಾತಾಡುತ್ತೆ ಕಣಮ್ಮ" ಅಂದಿದ್ದರು. ಮುದುಕಿಯ ಹುಚ್ಚು ಅಂದುಕೊಂಡು ಸುಮ್ಮನಾಗಿದ್ದೆ.

ಈಗ ನನ್ನ ಮಗಳ ವಿಷಯ. ಇದನ್ನು ಹೇಳುವಾಗ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಮಗಳಿಗೆ ಚಿಕ್ಕಂದಿನಿಂದ ಫಿಟ್ಸ್. ಮಾತ್ರೆ ತಪ್ಪಿಸದಿದ್ದರೆ ಏನೂ ತೊಂದರೆಯಿಲ್ಲ, ವರ್ಷಗಟ್ಟಲೆ ಬಂದಿರಲಿಲ್ಲ. ಅವಳಿಗೊಂದು ಸಂಬಂಧ ಗೊತ್ತಾಗಿತ್ತು. ಹುಡುಗ ಕನ್ನಡಕದ ಅಂಗಡಿಯವನು, ಮೆತ್ತಗಿನ ಮಾತಿನವನು, ಅವಳನ್ನು ನೋಡುವಾಗ ಅವನ ಮುಖವೇ ಬೇರೆಯಾಗುತ್ತಿತ್ತು. ಫಿಟ್ಸಿನ ವಿಷಯ ಮದುವೆಯಾಗುವವರೆಗೆ ಬಾಯಿ ಬಿಡಬೇಡ ಎಂದು ನಾನೇ ಹೇಳಿದ್ದೆ. ಹೌದು, ಹೇಳಿದ್ದೆ. ಮಗಳ ಬಾಳು ದಡ ಸೇರಲಿ ಅನ್ನುವ ಯಾವ ತಾಯಿ ಹೇಳುವುದಿಲ್ಲ? ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ತಾನೇ ಹುಡುಗನಿಗೆ ಹೇಳಿಬಿಡಬೇಕೆಂದು ಮನಸ್ಸು ಮಾಡಿದ್ದಳು. ಧೈರ್ಯ ಸಾಲದೆ ನನ್ನನ್ನು ಬಿಟ್ಟು ಮೆಟ್ಟಿಲು ಹತ್ತಿ ಹೋಗಿ, "ದೊಡ್ಡಮ್ಮ, ನನಗೋಸ್ಕರ ಪ್ರಾರ್ಥನೆ ಮಾಡು" ಅಂದಳಂತೆ.

ದೊಡ್ಡಮ್ಮ ಮಾಡಿದಳು. ಬುಧವಾರ, ತನ್ನ ಹಜಾರದಲ್ಲಿ, ಕೂಟದ ಮುಂದೆ. ಹುಡುಗನ ಸೋದರತ್ತೆ ಮೂರನೆಯ ಕುರ್ಚಿಯಲ್ಲಿ ಕೂತಿದ್ದರು.

"ಕರ್ತನೇ, ಕೆಳಗಿನ ಮನೆ ಹೆಣ್ಣುಮಗು ತನಗೆ ಫಿಟ್ಸ್ ಬರೋದನ್ನ ಗಂಡಿನ ಕಡೆಯೋರಿಗೆ ಹೇಳೋಕೆ ಹೆದರ್ತಾ ಇದೆ. ಆ ಮಗುವಿಗೆ ಧೈರ್ಯ ಕೊಡು. ಸುಳ್ಳಿನ ಮೇಲೆ ಸಂಸಾರ ಕಟ್ಟಬಾರದು ಅಂತ ಅವಳ ತಾಯಿಗೆ ಬುದ್ಧಿ ಕೊಡು ತಂದೆಯೇ."

ಮೇಷ್ಟ್ರ ಬಾಯಿಂದ ಆಮೆನ್ ಹೊರಬಿದ್ದ ಮೇಲೇ ಅವರಿಗೆ ತಾವು ಕೇಳಿದ್ದೇನೆಂದು ಅರ್ಥವಾಗಿದ್ದು. ನನ್ನ ಮಗಳ ಮುಖದಲ್ಲಿ ರಕ್ತವಿರಲಿಲ್ಲ. ಭಾನುವಾರ ಬರುವುದಕ್ಕೆ ಮೊದಲೇ ಗಂಡಿನವರು ಸಂಬಂಧ ಬೇಡವೆಂದರು. ಹುಡುಗ ಒಮ್ಮೆ ಬಂದು ಅಂಗಡಿಯ ಎದುರಿಗೆ ನಿಂತಿದ್ದ. ಒಳಗೆ ಬರಲಿಲ್ಲ, ಹೋದ.

ನಾನು ಮೆಟ್ಟಿಲು ಹತ್ತಿ ಹೋದೆ. ಓರಗಿತ್ತಿ ಇಸ್ತ್ರಿ ಮಾಡುತ್ತಿದ್ದಳು.

"ಅವಳೇ ಬಂದು ಕೇಳಿದಳು, ಪ್ರಾರ್ಥನೆ ಮಾಡಿದೆ. ಮಾಡಬಾರದಿತ್ತಾ?" ಅಂದಳು.

"ಒಬ್ಬಳೇ ಮಾಡ್ಬೇಕಿತ್ತು ಅಕ್ಕ. ಬಾಗಿಲು ಹಾಕ್ಕೊಂಡು."

"ನಾಲ್ಕು ಜನ ಸೇರಿ ಬೇಡಿಕೊಂಡ್ರೆ ಬಲ ಜಾಸ್ತಿ. ಅಲ್ಲಿ ಅವರ ಸೋದರತ್ತೆ ಇದಾರೆ ಅನ್ನೋದು ನನ್ನ ಗಮನಕ್ಕೇ ಬರಲಿಲ್ಲ. ಕಣ್ಣು ಮುಚ್ಚಿತ್ತು."

"ಕಣ್ಣು ಮುಚ್ಚಿತ್ತು. ಬಾಯಿ?"

"ನೋಡಮ್ಮ, ನಿಜ ಯಾವತ್ತಿದ್ರೂ ಹೊರಗೆ ಬರೋದೇ. ಈಗಲೇ ಬಂದಿದ್ದು ಒಳ್ಳೇದಾಯ್ತು. ನೀನು ಮುಚ್ಚಿಡೋಕೆ ಹೋಗಿದ್ದೆ, ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನಿನಗಿಂತ ವಾಸಿ."

ಹಾಗೆ ಹೇಳುತ್ತಾ ಮಗನ ಪ್ಯಾಂಟನ್ನು ಮಡಚಿ, ಗೆರೆ ಸರಿಯಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಆ ಪ್ಯಾಂಟನ್ನು ನೋಡಿದ ಕ್ಷಣ ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಅವಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಇಲ್ಲಿ ಹೇಳಿದರೆ ಗೋಡೆಗಳಷ್ಟೇ ಕೇಳುತ್ತವೆ ಅನ್ನಿಸಿತು. ಮುಂದಿನ ಬುಧವಾರ ಕೂಟ ನನ್ನ ಮನೆಯಲ್ಲಿ, ಕೊನೆಯ ಪ್ರಾರ್ಥನೆ ನನ್ನದು.

ಅವಳ ಮಗ ಶಾಲೆಯೊಂದರ ಬಸ್ಸು ಓಡಿಸುತ್ತಿದ್ದ. ಭಾನುವಾರಗಳಲ್ಲಿ ಸಭೆಯ ಮುಂದೆ ನಿಂತು ವಾಕ್ಯ ಓದುವವನೂ ಅವನೇ. ಇಡೀ ಬೀದಿಗೆ ಅವನಂಥ ಮಗನಿಲ್ಲವೆಂದು ನನ್ನ ಓರಗಿತ್ತಿ ಹೇಳದ ದಿನವಿಲ್ಲ. ಚಿಕ್ಕವನಿದ್ದಾಗ ನನ್ನ ಮಿಷನ್ನಿನ ಕೆಳಗೆ ಮಲಗಿಯೇ ಬೆಳೆದವನು. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಂಗಡಿಗೆ ಬಂದು, ಬಟ್ಟೆ ಹಾಕಿ ನೋಡುವ ಮೂಲೆಗೆ ಹೋಗಿ ಪರದೆ ಎಳೆದುಕೊಂಡ. ಹೊರಗೆ ಬರಲಿಲ್ಲ. ಏನಾಯ್ತೋ, ಅಂದೆ.

"ಚಿಕ್ಕಮ್ಮ, ನನ್ನನ್ನ ಬಸ್ಸಿಂದ ಇಳಿಸಿಬಿಟ್ರು" ಅಂದ, ಪರದೆಯ ಹಿಂದಿನಿಂದಲೇ.

ಮಕ್ಕಳು ಬಸ್ಸು ಹತ್ತುವ ಹೊತ್ತಿಗೆ ಇವನ ಬಾಯಿ ವಾಸನೆ ಬರುತ್ತಿತ್ತಂತೆ. ಹಿಂದಿನ ರಾತ್ರಿಯ ಕುಡಿತವಲ್ಲ, ಆ ಬೆಳಗಿನದೇ. ಶಾಲೆಯವರು ಹಿಂದಿನ ವಾರವೇ ಗಲಾಟೆ ಮಾಡದೆ ಮನೆಗೆ ಕಳಿಸಿದ್ದರು. ಈಗ ಕುಡಿತ ಬಿಡಿಸುವ ಆಸ್ಪತ್ರೆಗೆ ಬೆಳಿಗ್ಗೆ ಹೋಗುತ್ತೇನೆ, ಮಧ್ಯಾಹ್ನ ಒಂದು ಬಟ್ಟೆ ಒಗೆಯುವ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಅಂದ.

"ಅಮ್ಮನಿಗೆ ಹೇಳ್ಬೇಡ. ಸರಿಹೋದ ಮೇಲೆ ನಾನೇ ಹೇಳ್ತೀನಿ. ಅಲ್ಲೀತನಕ ನನಗೋಸ್ಕರ ಪ್ರಾರ್ಥನೆ ಮಾಡು ಚಿಕ್ಕಮ್ಮ."

"ಮಾಡ್ತೀನಿ ಕಣೋ. ಕಣ್ಣೊರೆಸ್ಕೊಂಡು ಹೋಗು" ಅಂದೆ.

ಅವತ್ತಿನಿಂದ ದಿನವೂ ಅದೇ ನಡೆಯಿತು. ಅವನ ತಾಯಿ ಇಸ್ತ್ರಿ ಮಾಡಿಕೊಟ್ಟ ಚಾಲಕನ ಸಮವಸ್ತ್ರ ಹಾಕಿಕೊಂಡು ಅವನು ಮೇಲಿನಿಂದ ಇಳಿದು ಬರುತ್ತಿದ್ದ. ನನ್ನ ಪರದೆಯ ಹಿಂದೆ ಅದನ್ನು ಬಿಚ್ಚಿಟ್ಟು ಹಳೆಯ ಅಂಗಿ ತೊಟ್ಟು ಹಿಂಬಾಗಿಲಿನಿಂದ ಹೋಗುತ್ತಿದ್ದ. ಸಂಜೆ ಬಂದು ಮತ್ತೆ ಸಮವಸ್ತ್ರ ತೊಟ್ಟು ಮೆಟ್ಟಿಲು ಹತ್ತುತ್ತಿದ್ದ. ಗೆರೆ ಮುರಿಯದಿರಲೆಂದು ನಾನು ಅದನ್ನು ಹ್ಯಾಂಗರಿಗೆ ಹಾಕಿ ಗೋಡೆಗೆ ತೂಗುಹಾಕುತ್ತಿದ್ದೆ. ಕುಡಿತವನ್ನು ಅವನು ನಿಜವಾಗಿಯೂ ಬಿಟ್ಟಿದ್ದ. ಹತ್ತಿರ ಬಂದರೆ ಈಗ ಸೋಪಿನ ವಾಸನೆ ಬರುತ್ತಿತ್ತು.

ಆ ವಾರವಿಡೀ ನಾನು ಮಿಷನ್ ತುಳಿಯುತ್ತಾ ನನ್ನ ಪ್ರಾರ್ಥನೆಯನ್ನು ಸಿದ್ಧಮಾಡಿದೆ. ಬಟ್ಟೆಗೆ ಅಳತೆ ಹಿಡಿದು ಕತ್ತರಿಸುವ ಹಾಗೆ ಒಂದೊಂದು ಮಾತನ್ನೂ ಕತ್ತರಿಸಿದೆ. ಕರ್ತನೇ, ಈ ಮನೆಯ ಒಬ್ಬ ಮಗನಿಗಾಗಿ ಬೇಡುತ್ತೇನೆ. ದಿನವೂ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಇಲ್ಲದ ಕೆಲಸಕ್ಕೆ ಹೋಗುವ ಮಗನನ್ನು ನೆನಪಿಸಿಕೋ. ಕುಡಿದು ಬಸ್ಸು ಹತ್ತಿದವನನ್ನು ಕ್ಷಮಿಸು. ಹೆತ್ತ ಮಗನ ಬಾಯಿ ವಾಸನೆ ತಿಳಿಯದೆ ಪರರ ಮಕ್ಕಳ ರೋಗ ಎಣಿಸುವ ತಾಯಿಗೆ ಒಂದು ಮೂಗು ಕೊಡು. ಮೂಗಿನ ಮಾತು ಹೊಳೆದಾಗ ನನಗೇ ನಗು ಬಂದು, ಸೂಜಿ ಬೆರಳಿಗೆ ಚುಚ್ಚಿತು.

ಪಾಪ, ಅವಳ ಮಗನ ಗತಿಯೇನು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ನನ್ನ ಮಗಳ ಗತಿ ಯಾರು ಕೇಳಿದರು ಎಂದು ಉತ್ತರವನ್ನೂ ಕೊಟ್ಟುಕೊಂಡೆ. ಅವನು ಬೆಳಿಗ್ಗೆ ಬಂದು ಬಟ್ಟೆ ಬದಲಿಸುವಾಗ ಮಾತ್ರ ಅವನ ಮುಖ ನೋಡುತ್ತಿರಲಿಲ್ಲ, ತಲೆ ತಗ್ಗಿಸಿ ಕಾಜಾ ಹಾಕುತ್ತಿದ್ದೆ.

ಮಗಳಿಗೆ ವಾಸನೆ ಹತ್ತಿತು. ನಾನು ಏನೋ ಗುನುಗುತ್ತಿದ್ದೇನೆಂದು ಅವಳಿಗೆ ಗೊತ್ತಾಗಿರಬೇಕು.

"ಅಮ್ಮ, ದೊಡ್ಡಮ್ಮನಿಗೆ ಏನಾದ್ರೂ ಮಾಡೋಕೆ ಹೊರಟಿದ್ರೆ, ನನಗೋಸ್ಕರ ಅಂತ ಹೇಳ್ಬೇಡ" ಅಂದಳು.

"ನಿನಗೆ ಅಳು ಬರಲ್ವಾ? ಸಿಟ್ಟು ಬರಲ್ವಾ?"

"ಬರುತ್ತೆ. ಅವರ ಮೇಲೂ ಬರುತ್ತೆ, ನಿನ್ನ ಮೇಲೂ ಬರುತ್ತೆ."

ಬುಧವಾರ ಸಂಜೆ ಅವಳು ಕೂಟದಲ್ಲಿ ಕೂರಲಿಲ್ಲ. ಅಂಗಡಿಯಲ್ಲಿ ದೀಪ ಹಾಕಿಕೊಂಡು ಗುಂಡಿ ಹೊಲಿಯುತ್ತಾ ಇದ್ದಳು.

ಹಜಾರದಲ್ಲಿ ಕುರ್ಚಿ ಸಾಲದಷ್ಟು ಜನ. ಮಗಳ ಸಂಬಂಧ ಮುರಿದ ಮೇಲೆ ಮೊದಲ ಸಲ ಕೊನೆಯ ಪ್ರಾರ್ಥನೆ ನನ್ನದೆಂದು ಎಲ್ಲರೂ ಲೆಕ್ಕ ಹಾಕಿಯೇ ಬಂದಿದ್ದರು. ಎರಡು ವರ್ಷದಿಂದ ಮುಖ ತೋರಿಸದವರೂ ಬಂದು, ಆರೋಗ್ಯವೇ ಅಂದರು. ಮೇಷ್ಟ್ರು ಆಗಲೇ ಮುಂದಿನ ಕುರ್ಚಿಯಲ್ಲಿದ್ದರು. ಓರಗಿತ್ತಿ ಮೇಲಿನಿಂದ ಇಳಿದು ಬಂದು ಬಾಗಿಲ ಬಳಿ ನಿಂತ ಮಗನ ತೋಳು ಹಿಡಿದು, "ನೋಡಿ, ಡ್ಯೂಟಿಯಿಂದ ನೇರ ಬಂದಿದಾನೆ, ಮುಖ ಕೂಡ ತೊಳೆದಿಲ್ಲ" ಎಂದು ಪಾಸ್ಟರಿಗೆ ತೋರಿಸಿದಳು. ಅವನು ಆ ಸಮವಸ್ತ್ರ ತೊಟ್ಟು ಪರದೆಯ ಹಿಂದಿನಿಂದ ಹೊರಬಂದು ಹತ್ತು ನಿಮಿಷವೂ ಆಗಿರಲಿಲ್ಲ. ನಾನು ಕೂಗಿ ಹೇಳಬೇಕೆಂದಿದ್ದೆ. ತಡೆದುಕೊಂಡೆ. ನನ್ನ ಸರದಿ ಬರಲಿ.

ಹಾಡು ಮುಗಿಯಿತು. ಎಲ್ಲರೂ ಮೊಣಕಾಲೂರಿದರು. ಪಾಸ್ಟರ್ ರೋಗಿಗಳಿಗಾಗಿ ಬೇಡಿದರು, ಮೇಷ್ಟ್ರು ದೇಶಕ್ಕಾಗಿ ಬೇಡಿದರು. ಓರಗಿತ್ತಿಯ ಸರದಿ ಬಂತು. "ಕರ್ತನೇ, ಮುರಿದ ಮನಸ್ಸುಗಳನ್ನ ಕಟ್ಟು. ತಪ್ಪನ್ನ ತಮ್ಮಲ್ಲಿ ಹುಡುಕದೆ ಬೇರೆಯವರ ಮೇಲೆ ಹಗೆ ಸಾಧಿಸೋರಿಗೆ ತಗ್ಗಿ ನಡೆಯೋದನ್ನ ಕಲಿಸು" ಅಂದಳು. ಮೇಷ್ಟ್ರು ಆಮೆನ್ ಅಂದರು.

ಆಮೇಲೆ ನನ್ನ ಸರದಿ.

ನಾನು ಕಣ್ಣು ಮುಚ್ಚಲಿಲ್ಲ. ಏಟು ಬಿದ್ದಾಗ ಅವಳ ಮುಖ ಹೇಗಾಗುತ್ತದೆಂದು ನೋಡಬೇಕಿತ್ತು. "ಕರ್ತನೇ, ಈ ಮನೆಯ ಒಬ್ಬ ಮಗನಿಗಾಗಿ ನಿನ್ನ ಹತ್ರ ಬೇಡ್ತೀನಿ" ಅಂದೆ. ನನ್ನ ದನಿ ಗಟ್ಟಿಯಾಗಿ, ಚೆನ್ನಾಗಿಯೇ ಬಂತು.

ನೋಡಿದರೆ ಕಣ್ಣು ಮುಚ್ಚದವಳು ನಾನೊಬ್ಬಳೇ ಅಲ್ಲ. ಮೇಷ್ಟ್ರು ಬೆರಳ ಸಂದಿಯಿಂದ ನೋಡುತ್ತಿದ್ದರು. ಆಚೆ ಬೀದಿಯ ಹೆಂಗಸರು ರೆಪ್ಪೆ ಎತ್ತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಓರಗಿತ್ತಿಯ ಒಂದು ಕಣ್ಣು ಅರ್ಧ ತೆರೆದು ನನ್ನ ಮೇಲೇ ಇತ್ತು. ಬಿಗಿಯಾಗಿ ಕಣ್ಣು ಮುಚ್ಚುವ ಪಾಸ್ಟರ್ ಕೂಡ ಓರೆಗಣ್ಣು ಬಿಟ್ಟಿದ್ದರು. ಇಡೀ ಹಜಾರದಲ್ಲಿ ದೇವರ ಕಡೆ ತಿರುಗಿದವರು ಯಾರೂ ಇರಲಿಲ್ಲ.

ಒಬ್ಬನಿದ್ದ. ಬಾಗಿಲ ಪಕ್ಕದಲ್ಲಿ, ಮೊಣಕಾಲ ಮೇಲೆ, ಆ ಗೆರೆ ಬಿದ್ದ ಪ್ಯಾಂಟಿನಲ್ಲಿ. ನಾನು ಒಬ್ಬ ಮಗನಿಗಾಗಿ ಅಂದಾಗ ಅವನಿಗೆ ಅದು ತನ್ನ ವಿಷಯವೆಂದು ಗೊತ್ತಾಯಿತು. ಹೆದರುತ್ತಾನೆ, ತಲೆ ಎತ್ತಿ ನನ್ನನ್ನು ನೋಡಿ ಬೇಡ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ತಲೆ ಎತ್ತಲಿಲ್ಲ, ಇನ್ನಷ್ಟು ತಗ್ಗಿಸಿದ. ಸೋಪಿನ ನೀರಿಗೆ ಸುಲಿದುಹೋದ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಬಿಡಿಸಿಟ್ಟ. ಚಿಕ್ಕಮ್ಮ ಕೊಟ್ಟ ಮಾತಿನಂತೆ ತನಗಾಗಿ ಬೇಡುತ್ತಿದ್ದಾಳೆ ಅಂದುಕೊಂಡಿದ್ದ. ನಾನು ಅವನನ್ನು ಬೀದಿಗೆಳೆಯಲು ಬಾಯಿ ತೆರೆದಿದ್ದೇನೆಂಬ ಅನುಮಾನದ ಎಳೆಯೂ ಆ ಮುಖದಲ್ಲಿರಲಿಲ್ಲ.

ಮಾಡ್ತೀನಿ ಕಣೋ, ಅಂದಿದ್ದೆ. ಎರಡು ತಿಂಗಳಾಗಿತ್ತು. ದಿನವೂ ಅವನ ಬಟ್ಟೆ ತೂಗುಹಾಕಿದ್ದೆ. ಒಂದು ಸಲವೂ ಅವನಿಗಾಗಿ ಪ್ರಾರ್ಥನೆ ಮಾಡಿರಲಿಲ್ಲ. ಒಂದು ಸಲವೂ. ಓರಗಿತ್ತಿ ನನ್ನ ಮಗಳ ಗುಟ್ಟನ್ನು ಜನರ ಮುಂದೆ ಇಟ್ಟಳು, ಸರಿ. ಆದರೆ ಅವಳು ದೇವರ ಮುಂದೆಯೂ ಇಟ್ಟಿದ್ದಳೋ ಏನೋ. ನಾನು ಅವನ ಗುಟ್ಟನ್ನು ಯಾರ ಮುಂದೂ ಇಡದೆ, ಬೇಕಾದಾಗ ಎತ್ತಿಕೊಳ್ಳೋಣವೆಂದು ಕತ್ತರಿಯ ಹಾಗೆ ಕೈಗೆಟುಕುವಲ್ಲಿ ಇಟ್ಟುಕೊಂಡಿದ್ದೆ. ಈಗ ಅವಳನ್ನು ಹೊಡೆಯಲು ಹೊರಟು, ಸ್ವಲ್ಪ ಹಿಡಿದುಕೋ ಎಂದು ದೇವರನ್ನೇ ಕರೆದಿದ್ದೆ.

"ಕರ್ತನೇ" ಎಂದು ಮತ್ತೆ ಅಂದೆ. ಮುಂದಿನ ಮಾತು ಬಾಯಲ್ಲೇ ಇತ್ತು, ವಾರವಿಡೀ ತಿದ್ದಿ ತೀಡಿದ ಮಾತು. ಓರಗಿತ್ತಿಯ ಅರ್ಧ ಕಣ್ಣು ಕಾಯುತ್ತಿತ್ತು. ಆ ಕಣ್ಣು ಕಾಣುವವರೆಗೆ ನನ್ನ ಬಾಯಿ ಅವಳ ಜೊತೆಗೇ ಮಾತಾಡುತ್ತದೆ ಅನ್ನಿಸಿತು. ಮೊಣಕಾಲ ಮೇಲೆಯೇ ಸರಿದು, ಎಲ್ಲರಿಗೂ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿದೆ. ಸುಣ್ಣ ಎದ್ದುಹೋದ ಗೋಡೆ. ಅತ್ತೆ ಮೊಣಕಾಲೂರುತ್ತಿದ್ದದ್ದೂ ಅಲ್ಲೇ.

ಕಣ್ಣು ಮುಚ್ಚಿದೆ. ಮಾತೇ ಬರಲಿಲ್ಲ. ಬೈಯುವುದಕ್ಕೆ ಅಷ್ಟು ಮಾತು ಕೂಡಿಸಿದವಳಿಗೆ ಬೇಡುವುದಕ್ಕೆ ಒಂದು ಮಾತಿರಲಿಲ್ಲ. ಬಹಳ ಹೊತ್ತಾದ ಮೇಲೆ, ಅವನನ್ನು ನೋಡಿಕೋ, ಎಂದೆ ಮನಸ್ಸಿನಲ್ಲೇ. ನಾನು ಕೊಟ್ಟ ಮಾತು ತಪ್ಪಿದೆ, ನೀನು ನೋಡಿಕೋ. ನನ್ನ ಮಗಳನ್ನೂ ನೋಡಿಕೋ, ಅವಳ ಬಾಯಿ ಕಟ್ಟಲು ಹೋದವಳು ನಾನೇ. ಅವನ ತಾಯಿಯನ್ನೂ ನೋಡಿಕೋ, ಅನ್ನಲು ಹೋದೆ. ಸುಳ್ಳು ಹೇಳುವುದು ಬೇಡವೆಂದು ಬಿಟ್ಟೆ.

ಹಿಂದೆ ಪಿಸುಪಿಸು ಶುರುವಾಯಿತು. ಮುನಿಸು ಅಂದರು ಯಾರೋ. ಮಾತು ಮರೆತುಹೋಯ್ತೇನೋ ಅಂದರು ಇನ್ಯಾರೋ. ಮೇಷ್ಟ್ರು ಕೆಮ್ಮಿದರು. ಕೊನೆಗೆ ಓರಗಿತ್ತಿಯ ದನಿ, ತುಪ್ಪದ ಹಾಗೆ ನುಣುಪಾದ ದನಿ, ನನ್ನ ಬೆನ್ನ ಮೇಲೆ ಬಂತು.

"ಸ್ತೋತ್ರ ಕರ್ತನೇ. ಸೊಕ್ಕಿನ ಬಾಯನ್ನ ನೀನೇ ಕಟ್ಟಿದೆ. ನಿನ್ನ ಮುಂದೆ ಯಾರ ಆಟವೂ ನಡೆಯಲ್ಲ."

"ಆಮೆನ್" ಅಂದರು ಮೇಷ್ಟ್ರು. "ಆಮೆನ್" ಅಂದಿತು ಹಜಾರ, ಮದುವೆಯೂಟ ತಪ್ಪಿದವರ ದನಿಯಲ್ಲಿ.

ಒಂದೇ ಒಂದು ಮಾತು ಸಾಕಿತ್ತು ನನಗೆ ತಿರುಗಿ ಅವಳನ್ನು ನೆಲಕ್ಕೆ ಹಾಕಲು. ಅವಳು ಗೆದ್ದೆನೆಂದುಕೊಂಡಿದ್ದಾಳೆ, ಅವಳಿಗೆ ತಾನು ಯಾವುದರಿಂದ ತಪ್ಪಿಸಿಕೊಂಡಳೆಂದು ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಗೋಡೆಯನ್ನೇ ನೋಡುತ್ತಾ, ನಾನೂ ಆಮೆನ್ ಅಂದೆ. ಈ ಸಲ ಕಟ್ಟಳೆಗಾಗಿ ಅನ್ನಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಪರದೆಯ ಹಿಂದೆ ಹೋಗಿ ಬಟ್ಟೆ ಬದಲಿಸಿದ.

"ನಿನ್ನೆ ನನ್ನ ವಿಷಯ ಎತ್ತಿದ್ದೆ ಅಲ್ವಾ ಚಿಕ್ಕಮ್ಮ? ಆಮೇಲೆ ಯಾಕೆ ಜೋರಾಗಿ ಹೇಳ್ಲಿಲ್ಲ?"

"ಜೋರಾಗಿ ಹೇಳಿದ್ರೆ ನಿಮ್ಮಮ್ಮನಿಗೆ ಕೇಳಿಸ್ತಿತ್ತು."

ಅವನು ನಕ್ಕ. ಆ ನಗುವಿನಲ್ಲಿ ಅನುಮಾನ ಇನ್ನೂ ಇರಲಿಲ್ಲ. ಸಮವಸ್ತ್ರವನ್ನು ಇಸಿದುಕೊಂಡು ಹ್ಯಾಂಗರಿಗೆ ಹಾಕಿದೆ. ಹಾಕುವಾಗ, ಅವನನ್ನು ನೋಡಿಕೋ, ಅಂದೆ. ಈಗ ದಿನವೂ ಅಷ್ಟೇ ಹೇಳುವುದು, ಹ್ಯಾಂಗರಿಗೆ ಹಾಕುವಾಗ.

ಅವನು ಹಿಂಬಾಗಿಲು ದಾಟುವಷ್ಟರಲ್ಲಿ ಮೇಲಿನ ಟ್ಯಾಂಕ್ ತುಂಬಿ ನೀರು ಧೋ ಎಂದು ನನ್ನ ಮೆಟ್ಟಿಲ ಮೇಲೆ ಸುರಿಯಿತು. ಆಗತಾನೇ ಗುಡಿಸಿದ ಮೆಟ್ಟಿಲು. ಮಗಳು ಮಿಷನ್ ನಿಲ್ಲಿಸಿ ನನ್ನ ಮುಖ ನೋಡಿದಳು. ಹಿಂದಿನ ನಾನಾಗಿದ್ದರೆ ಅದನ್ನು ನುಂಗಿಕೊಂಡು, ಒಳ್ಳೆಯ ಮಾತಿನಲ್ಲಿ ಸುತ್ತಿ, ಬುಧವಾರಕ್ಕೆಂದು ಎತ್ತಿಡುತ್ತಿದ್ದೆ.

ಬೀದಿಗೆ ಹೋಗಿ ನಿಂತು ತಲೆ ಎತ್ತಿದೆ. "ಅಕ್ಕಾ, ಟ್ಯಾಂಕ್ ತುಂಬಿ ಹರೀತಿದೆ, ನಿಮಗೆ ಕಣ್ಣಿಲ್ವಾ?" ಎಂದು ನನ್ನ ಗಂಟಲಲ್ಲಿ, ನನ್ನ ಹೆಸರಿನಲ್ಲೇ ಕೂಗಿದೆ. ಕರ್ತನನ್ನು ಕರೆಯಲಿಲ್ಲ.